ಲಗಾಮು ಜಗ್ಗಿದರೂ ನಿಲ್ಲದ ಕುದುರೆ: ಏನು ಮಾಡಬೇಕು?

ಮಳೆಗಾಲದಲ್ಲಿ ಪುಣೆ, ಚಳಿಗಾಲದಲ್ಲಿ ಮುಂಬೈಯ ಮಹಾಲಕ್ಷ್ಮಿ. ಹೀಗೆ ಎರಡು ಊರಿನ ರೇಸ್‌ಗಳಲ್ಲಿ ಓಡಿ ನಿವೃತ್ತವಾದ ಕುದುರೆಗಳಲ್ಲಿ ಕೆಲವು ಸವಾರಿ ಕಲಿಸುವ ಲಾಯಗಳಿಗೆ ಬರುತ್ತವೆ. ಪುಣೆಯ ಹೊರವಲಯದಲ್ಲಿ ನಾನು ಸವಾರಿ ಕಲಿತ ಕೆಂದು ಬಣ್ಣದ ಹೆಣ್ಣು ಕುದುರೆಯೂ ಹಾಗೆ ಬಂದದ್ದೇ. ಒಂದು ಬೆಳಿಗ್ಗೆ ಲಾಯದ ಕಡೆ ಮುಖ ತಿರುಗಿದ್ದೇ ತಡ, ಅದು ನಾಗಾಲೋಟ ಹಿಡಿಯಿತು. ನಾನು ಹೆದರಿ ಎರಡೂ ಕೈಯಿಂದ ಲಗಾಮು ಜಗ್ಗಿದೆ. ಜಗ್ಗಿದಷ್ಟೂ ಓಟ ಜೋರಾಯಿತು. ಬೇಲಿ ಹತ್ತಿರ ನಿಂತಿದ್ದ, ಕುದುರೆ ನೋಡಿಕೊಳ್ಳುವ ಸೈಸ್ ಕಾಕಾ, ಕಲಬುರಗಿ ಕಡೆಯವರು, ಕೂಗಿದರು: “ಜಗ್ಗಬ್ಯಾಡವ್ವಾ! ಬಿಟ್ಟು ಹಿಡಿ, ಬಿಟ್ಟು ಹಿಡಿ!”

ಆ ಮಾತಿನ ಅರ್ಥ ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ವಾರಕ್ಕೊಮ್ಮೆ ಸವಾರಿಗೆ ಹೋಗುವವರಿಗೂ, ಮಕ್ಕಳನ್ನು ಕಲಿಯಲು ಕಳಿಸುವ ಪುಣೆ, ಮುಂಬೈಯ ನಮ್ಮವರಿಗೂ ಅದು ಮೊದಲೇ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಜಗ್ಗಿದರೆ ಯಾಕೆ ಓಡುತ್ತದೆ?

ರೇಸ್ ಕುದುರೆಗೆ ಎರಡು ವರ್ಷ ತುಂಬುವ ಹೊತ್ತಿಗೇ ತರಬೇತಿ ಶುರುವಾಗಿರುತ್ತದೆ. ಜಾಕಿ ಎರಡೂ ಲಗಾಮುಗಳನ್ನು ಒಂದರ ಮೇಲೊಂದು ಸೇರಿಸಿ ಹಿಡಿದು, ಕುತ್ತಿಗೆಯ ಮೇಲೆ ಊರಿ, ಮುಂದಕ್ಕೆ ಬಾಗಿ ಕೂರುತ್ತಾನೆ. ಕುದುರೆ ಆ ಬಿಗಿ ಲಗಾಮಿಗೆ ಬಾಯಿ ಒತ್ತಿಕೊಂಡೇ ಓಡುತ್ತದೆ. ಅದರ ಪಾಲಿಗೆ ಬಿಗಿ ಲಗಾಮು ಆಸರೆ, ಮುಂದಕ್ಕೆ ಬಾಗಿದ ಸವಾರ ಎಂದರೆ ಓಡು ಎಂಬ ಅಪ್ಪಣೆ. ಹೆದರಿದ ಹೊಸಬರು ಮಾಡುವುದೂ ಇವೆರಡನ್ನೇ. ಜೊತೆಗೆ ಕಾಲಿನಿಂದ ಹೊಟ್ಟೆಯನ್ನು ಅವುಚಿ ಹಿಡಿಯುತ್ತಾರೆ. ಅದೂ ಓಡು ಎಂಬ ಸನ್ನೆಯೇ.

ಬಲದ ಲೆಕ್ಕವನ್ನೂ ನೋಡಿ. ಅಂಥ ಕುದುರೆಯ ತೂಕ ಸುಮಾರು 450ರಿಂದ 500 ಕಿಲೊ. ಎಳೆದಾಟದಲ್ಲಿ ನಾವು ಗೆಲ್ಲುವ ಮಾತೇ ಇಲ್ಲ. ಲಗಾಮಿಗೆ ಸೇರಿದ, ಬಾಯೊಳಗಿನ ಕಡಿವಾಣ ಕೂರುವುದು ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಬರಿ ವಸಡಿನ ಮೇಲೆ. ಒಂದೇ ಸಮನೆ ಜಗ್ಗಿದರೆ ಆ ಜಾಗ ನೋಯುತ್ತದೆ, ನೋವಿನಿಂದ ತಪ್ಪಿಸಿಕೊಳ್ಳಲು ಕುದುರೆಗೆ ಗೊತ್ತಿರುವ ದಾರಿ ಓಟವೊಂದೇ. ಹಟಮಾರಿ ಎಂದು ನಾವು ಬೈಯುವ ಎಷ್ಟೋ ಕುದುರೆಗಳು ನಿಜವಾಗಿ ನೋವಿನಲ್ಲಿರುತ್ತವೆ.

ಹತ್ತುವ ಮೊದಲು

ಹಾಗಾಗಿ ಬಾಯಿಂದಲೇ ಶುರುಮಾಡಿ. ಕುದುರೆಯ ದವಡೆ ಹಲ್ಲು ವರ್ಷಕ್ಕೆ 2ರಿಂದ 3 ಮಿಲಿಮೀಟರ್ ಹೊರಬರುತ್ತಲೇ ಇರುತ್ತದೆ. ಸಮನಾಗಿ ಸವೆಯದಿದ್ದರೆ ಅಂಚು ಚೂಪಾಗಿ ಕೆನ್ನೆಯ ಒಳಗೆ ಗಾಯ ಮಾಡುತ್ತದೆ. ವರ್ಷಕ್ಕೊಮ್ಮೆಯಾದರೂ ಪಶುವೈದ್ಯರಿಗೆ ಹಲ್ಲು ತೋರಿಸಿ, ಚೂಪು ಅಂಚನ್ನು ಉಜ್ಜಿ ಸಮ ಮಾಡಿಸಬೇಕು. ಆಮೇಲೆ ಬೆನ್ನು: ಜೀನು ಇಳಿಸಿ ಬೆನ್ನುಮೂಳೆಯ ಎರಡೂ ಬದಿ ಅಂಗೈಯಿಂದ ಮೆಲ್ಲಗೆ ಒತ್ತುತ್ತ ಹೋಗಿ. ಕುದುರೆ ಬೆನ್ನು ತಗ್ಗಿಸಿದರೆ, ಕಿವಿ ಹಿಂದಕ್ಕೆ ಮಡಚಿದರೆ ಅವತ್ತು ಸವಾರಿ ಬೇಡ.

ಮೇವೂ ಮುಖ್ಯ. ಕಡಲೆ, ಬಾರ್ಲಿ, ಓಟ್ಸ್ ತಿನ್ನಿಸಿ ಇಡೀ ದಿನ ಲಾಯದಲ್ಲೇ ಕಟ್ಟಿದ ಕುದುರೆ ಹೊರಗೆ ಬಂದೊಡನೆ ಓಡದೆ ಇನ್ನೇನು ಮಾಡೀತು? ಜಾಗ ಇಕ್ಕಟ್ಟಾದ ನಮ್ಮ ನಗರಗಳಲ್ಲಿ ಇದೇ ದೊಡ್ಡ ತೊಂದರೆ. ಕೆಲಸವಿಲ್ಲದ ದಿನ ಕಾಳು ಕಡಿಮೆ, ಹುಲ್ಲು ಹೆಚ್ಚು. ಸವಾರಿಗೆ ಮೊದಲು ಉದ್ದ ಹಗ್ಗದಲ್ಲಿ ಎರಡೂ ದಿಕ್ಕಿಗೆ ಹತ್ತು ನಿಮಿಷ ಸುತ್ತು ತಿರುಗಿಸಿ.

ಓಡಿಯೇಬಿಟ್ಟರೆ

ಮೊದಲು ಬೆನ್ನು ನೆಟ್ಟಗೆ ಮಾಡಿ, ಜೀನಿನಲ್ಲಿ ಆಳವಾಗಿ ಕೂತು, ಹಿಮ್ಮಡಿ ಕೆಳಗೆ ಒತ್ತಿ. ಮೀನಖಂಡ ಸಡಿಲವಿರಲಿ. ಉಸಿರು ಪೂರ್ತಿ ಹೊರಗೆ ಬಿಡಿ, ತಗ್ಗಿದ ದನಿಯಲ್ಲಿ “ಹೋ... ಹೋ...” ಅನ್ನಿ. ಕಿರುಚಬೇಡಿ.

ಈಗ ಕಾಕಾ ಹೇಳಿದ್ದು. ಲಗಾಮನ್ನು ಒಂದು ಹೆಜ್ಜೆಯಷ್ಟು ಹೊತ್ತು ಹಿಡಿಯಿರಿ, ಮರುಹೆಜ್ಜೆಗೆ ಬಿಡಿ. ಮತ್ತೆ ಹಿಡಿ, ಮತ್ತೆ ಬಿಡು. ಬಿಟ್ಟಾಗ ಕುದುರೆಗೆ ಒತ್ತಿಕೊಳ್ಳಲು ಆಸರೆಯೇ ಇರುವುದಿಲ್ಲ, ಎಳೆದಾಟ ಅಲ್ಲಿಗೇ ಮುರಿಯುತ್ತದೆ.

ಮುಂದೆ ಬಯಲಿದ್ದರೆ ದೊಡ್ಡ ಸುತ್ತು ಹಿಡಿಸಿ, ಮೆಲ್ಲಮೆಲ್ಲಗೆ ಕಿರಿದು ಮಾಡುತ್ತ ಬನ್ನಿ. ವೇಗ ತಾನಾಗಿ ಇಳಿಯುತ್ತದೆ. ನಾಗಾಲೋಟದಲ್ಲಿ ಮಾತ್ರ ಒಂದೇ ಲಗಾಮು ಜಗ್ಗಿ ತಲೆಯನ್ನು ಫಕ್ಕನೆ ತಿರುಗಿಸಬೇಡಿ. ಕುದುರೆ ಕಾಲು ತೊಡರಿ ಮಗುಚುತ್ತದೆ, ನೀವು ಅದರ ಕೆಳಗೆ ಸಿಗುತ್ತೀರಿ. ಡಾಂಬರು ರಸ್ತೆ, ಮಳೆಗೆ ನೆನೆದ ನೆಲದಲ್ಲಂತೂ ಬೇಡವೇ ಬೇಡ.

ಸುತ್ತಲು ಜಾಗವೇ ಇಲ್ಲದೆ ಎದುರಿಗೆ ರಸ್ತೆಯೋ ಗೋಡೆಯೋ ಇದ್ದರೆ ಕೊನೆಯ ಉಪಾಯ ಒಂದಿದೆ. ಒಂದು ಕೈಯ ಲಗಾಮನ್ನು ಗಿಡ್ಡವಾಗಿ ಹಿಡಿದು, ಮುಷ್ಟಿಯನ್ನು ಕುದುರೆಯ ಕುತ್ತಿಗೆಗೆ ಬಲವಾಗಿ ಊರಿ. ಇನ್ನೊಂದು ಲಗಾಮನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತಕ್ಷಣ ಬಿಡಿ, ಬೇಕಾದರೆ ಮತ್ತೆ ಎಳೆಯಿರಿ. ಊರಿದ ಕೈ ಇರುವುದರಿಂದ ತಲೆ ಪಕ್ಕಕ್ಕೆ ಸೊಟ್ಟಗಾಗುವುದಿಲ್ಲ. ಇದು ಬಾಯಿಗೆ ನೋವು ಕೊಡುವ ಉಪಾಯ, ದಿನದ ರೂಢಿಗೆ ತರಬಾರದು. ಆದರೆ ಗುರುಗಳು ಪಕ್ಕದಲ್ಲಿದ್ದಾಗ ನಿಂತ ಕುದುರೆಯ ಮೇಲೆ ಕೈಗಳನ್ನು ಇಡುವ ಬಗೆಯನ್ನು ಮಾತ್ರ, ಎಳೆಯದೆ, ಅಭ್ಯಾಸ ಮಾಡಿಟ್ಟುಕೊಳ್ಳಿ.

ಓಡುವ ಕುದುರೆಯಿಂದ ಹಾರುವ ಯೋಚನೆ ಬೇಡ. ಜೊತೆಯ ಸವಾರರು ಬೆನ್ನಟ್ಟಲೂ ಬಾರದು. ಹಿಂದೆ ಗೊರಸಿನ ಸಪ್ಪಳ ಕೇಳಿದರೆ ಅದು ಇನ್ನೊಂದು ರೇಸ್ ಅಂದುಕೊಳ್ಳುತ್ತದೆ.

ನಿಲ್ಲುವುದನ್ನು ಕಲಿಸುವುದು

ಮೇಲಿನದ್ದೆಲ್ಲ ಬೆಂಕಿ ಬಿದ್ದಾಗಿನ ಮಾತು. ನಿಜವಾದ ಕೆಲಸ ನಡಿಗೆಯಲ್ಲಿದೆ. ಹತ್ತು ಹೆಜ್ಜೆ ನಡೆಸಿ, ನಿಲ್ಲಿಸಿ. ನಿಲ್ಲಿಸುವಾಗ ಕ್ರಮ ತಪ್ಪಬಾರದು: ಮೊದಲು ಕೂರುವ ಭಂಗಿ, ಆಮೇಲೆ ಉಸಿರು, ಆಮೇಲೆ ದನಿ, ಎಲ್ಲಕ್ಕೂ ಕೊನೆಯಲ್ಲಿ ಬೆರಳು. ನಿಂತ ಕ್ಷಣದಲ್ಲೇ ಲಗಾಮು ಸಡಿಲಬೇಕು. ತಡವಾದರೆ ತಾನು ಮಾಡಿದ್ದು ಸರಿ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಕುತ್ತಿಗೆ ಸವರಿ, ಹತ್ತರವರೆಗೆ ಎಣಿಸಿ, ಮತ್ತೆ ಹೊರಡಿ. ದಿನಕ್ಕೆ ಹದಿನೈದು ನಿಮಿಷ ಇಷ್ಟೇ. ಬೇಸರವಾಗುತ್ತದೆ, ನಿಜ. ನನಗೂ ಆಗಿತ್ತು. ಆದರೆ ಉಸಿರು ಬಿಟ್ಟೊಡನೆ ಕುದುರೆಯ ಕಿವಿ ನಮ್ಮ ಕಡೆ ತಿರುಗುವ ದಿನ ಬರುತ್ತದೆ. ಆಮೇಲೆ ಮೆಲ್ಲನೆಯ ಓಟವಾದ ಟ್ರಾಟ್‌ನಿಂದ ನಡಿಗೆಗೆ ಇಳಿಸಿ. ಅದು ಕೈವಶವಾಗುವ ತನಕ ಅದಕ್ಕಿಂತ ಜೋರಿನ ಓಟವಾದ ಕ್ಯಾಂಟರ್ ಬೇಡ.

ಮನೆ ಕಡೆ ಓಡುವ ಕುದುರೆಗೆ ಇನ್ನೊಂದು ಪಾಠ ಇದೆ. ಲಾಯದ ಬಾಗಿಲಲ್ಲಿ ಸುತ್ತು, ತಿರುವು ಎಂದು ಕೆಲಸ ಕೊಡಿ; ದೂರದ ಮೂಲೆಗೆ ಒಯ್ದು ವಿಶ್ರಾಂತಿ ಕೊಡಿ. ಮುಗಿದ ಮೇಲೆ ಅಲ್ಲೇ ಇಳಿದು, ಜೀನಿನ ಪಟ್ಟಿ ಸಡಿಲಿಸಿ, ನಡೆಸಿಕೊಂಡು ಬನ್ನಿ. ಲಾಯಕ್ಕೆ ಓಡಿಹೋಗಿ ಸಿಗುವ ಸುಖ ಯಾವುದೂ ಉಳಿಯಬಾರದು.

ಕೆಲವು ಕಡೆ ಕುದುರೆ ನಿಲ್ಲದಿದ್ದರೆ ಇನ್ನೂ ಕಟುವಾದ ಕಡಿವಾಣ ಹಾಕುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ನಾಲ್ಕು ದಿನ ನಿಲ್ಲುತ್ತದೆ, ಐದನೆಯ ದಿನ ಆ ನೋವಿಗೂ ಬಾಯಿ ಬಿಗಿದುಕೊಂಡು ಓಡುತ್ತದೆ.

ಮುಂಬೈ ಹತ್ತಿರದ ಗಿರಿಧಾಮ ಮಾಥೇರಾನ್‌ಗೆ ಹೋಗುವವರಿಗೆ ಒಂದು ಮಾತು. ದಸ್ತೂರಿ ನಾಕಾದಲ್ಲಿ ಕಾರು ಬಿಟ್ಟು ಕುದುರೆ ಹತ್ತುವಾಗ ಕಾಲಿಡುವ ರಿಕಾಪಿನ ಉದ್ದ ಸರಿಮಾಡಿಸಿ, ಅರ್ಧ ಪಾದವಷ್ಟೇ ಒಳಗಿರಲಿ. ಚಪ್ಪಲಿ ಬೇಡ, ಹಿಮ್ಮಡಿ ಇರುವ ಬೂಟು ಬೇಕು. ತಲೆಗೆ ಹೆಲ್ಮೆಟ್ ಕೇಳಿ. ಮಗು ಕೂತಿದ್ದರೆ ಹಗ್ಗ ಕುದುರೆಯವನ ಕೈಯಲ್ಲೇ ಇರಲಿ, ಹಿಂದಿನಿಂದ ಹೊಡೆದು ಓಡಿಸಬೇಡ ಎಂದು ಮೊದಲೇ ಹೇಳಿ. ಆ ಕೆಂಪು ಮಣ್ಣಿನ ಇಳಿಜಾರು ಮಳೆಯಲ್ಲಿ ಜಾರುತ್ತದೆ.

ಇಷ್ಟೆಲ್ಲ ಮಾಡಿಯೂ ಕಣ್ಣು ಕಾಣದಂತೆ ಗೋಡೆಗೇ ನುಗ್ಗುವ ಕುದುರೆ ಇದ್ದರೆ ಅದರ ಮೇಲೆ ಕಲಿಯುವವರನ್ನು ಕೂರಿಸಬಾರದು. ಅದು ಪಶುವೈದ್ಯರ, ನುರಿತ ತರಬೇತುದಾರರ ಕೆಲಸ.

ನನ್ನ ಕೆಂದು ಕುದುರೆ ಈಗ ಅದೇ ತಿರುವಿನಲ್ಲಿ ಉಸಿರಿಗೇ ನಿಲ್ಲುತ್ತದೆ. ಆದರೂ ಮಳೆ ಹಿಡಿದು ಎರಡು ದಿನ ಲಾಯದಲ್ಲೇ ನಿಂತಿದ್ದರೆ, ಮೂರನೆಯ ದಿನ ಮೊದಲ ಇಪ್ಪತ್ತು ನಿಮಿಷ ಮತ್ತೆ ಹತ್ತು ಹೆಜ್ಜೆ ನಡಿಗೆ, ನಿಲುಗಡೆ.