ನಾನೂ ಫಾರಿನ್ ಪ್ಲೇಯರ್ ಆಗಿದ್ದೆ

ಗೋವಾದ ಫುಟ್‌ಬಾಲ್ ಕ್ಲಬ್ಬಿನಲ್ಲಿ ನನ್ನ ಜಾಗದಲ್ಲಿ ಆಡುತ್ತಿದ್ದವನು ಒಬ್ಬ ನೈಜೀರಿಯನ್. ಆರಡಿ ಮೂರಿಂಚು. ಎತ್ತರಕ್ಕೆ ಬಂದ ಚೆಂಡು ಒಂದನ್ನೂ ಬಿಡುತ್ತಿರಲಿಲ್ಲ. ನಾನು ಬೆಂಗಳೂರಿನ ಆಸ್ಟಿನ್ ಟೌನ್ ಹುಡುಗ, ನಂದನ್ ಗ್ರೌಂಡ್‌ನಲ್ಲಿ ಮೊಣಕಾಲು ತರಚಿಕೊಂಡು ಆಟ ಕಲಿತವನು. ಬೆಂಗಳೂರು ಸೂಪರ್ ಡಿವಿಷನ್‌ನಲ್ಲಿ ಎರಡು ವರ್ಷ ಆಡಿ, 2011ರಲ್ಲಿ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಆಡುವ ಗೋವಾದ ಕ್ಲಬ್ಬೊಂದಕ್ಕೆ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್, ಆಗಿ ಸೇರಿದಾಗ ನನಗೆ ಇಪ್ಪತ್ತು ವರ್ಷ. ಆ ಸೀಸನ್‌ನಲ್ಲಿ ಡೆಂಪೊ ಕ್ಲಬ್ಬಿನ ರಾಂಟಿ ಮಾರ್ಟಿನ್ಸ್ 32 ಗೋಲು ಹೊಡೆದ. ಅವನ ಎದುರು ನಮ್ಮ ತಂಡ ಆಡಿದಾಗಲೆಲ್ಲ ನಾನು ಬೆಂಚಿನ ಮೇಲೆ ಕೂತು ನೋಡಿದೆ.

'ಈ ಫಾರಿನ್‌ನವರು ಬಂದು ನಮ್ಮ ಅನ್ನ ಕಿತ್ಕೊಂಡ್ರು ಮಗಾ' ಅಂತ ಊರಿನ ಗೆಳೆಯನಿಗೆ ಫೋನಿನಲ್ಲಿ ಗೋಳು ಹೇಳಿಕೊಳ್ಳುತ್ತಿದ್ದೆ. ಪಕ್ಕದ ರೂಮಿನಲ್ಲಿ ಅದೇ ನೈಜೀರಿಯನ್ ನಮ್ಮಿಬ್ಬರಿಗೂ ಅಡುಗೆ ಮಾಡುತ್ತಿದ್ದ. ಟೊಮೆಟೊ, ದೊಣ್ಣೆ ಮೆಣಸಿನಕಾಯಿ ರುಬ್ಬಿ ಮಾಡಿದ ಕೆಂಪು ಕೋಳಿ ಸಾರು, ಜೊತೆಗೆ ಅನ್ನ. ಅಮ್ಮನ ಸಾರಿಗೆ ತೀರಾ ದೂರದ್ದೇನೂ ಅಲ್ಲ.

ಅವನ ಹತ್ತಿರ ಒಂದು ನೀಲಿ ಪ್ಲಾಸ್ಟಿಕ್ ಫೈಲ್ ಇತ್ತು. ಕಾಂಟ್ರಾಕ್ಟ್‌ನ ಮೂರು ಪ್ರತಿ, ಪಾಸ್‌ಪೋರ್ಟ್ ಜೆರಾಕ್ಸ್, ಹಳದಿ ಜ್ವರದ ಲಸಿಕೆ ಕಾರ್ಡ್, ಬ್ಯಾಂಕ್ ಸ್ಲಿಪ್ಪುಗಳು, ಒಂದು ಡಜನ್ ಫೋಟೊ. ಮಲಗುವಾಗ ಅದನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ. ನಾನು ನಗುತ್ತಿದ್ದೆ. 'ನಿನಗೆ ಊರಿದೆ, ಬಸ್ ಹತ್ತಿದ್ರೆ ಬೆಳಗ್ಗೆ ಮನೇಲಿರ್ತೀಯ. ನನಗಿರೋದು ಈ ಫೈಲ್ ಮಾತ್ರ' ಅಂದಿದ್ದ ಒಮ್ಮೆ. ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಆಮೇಲೆ ಕೋಲ್ಕತ್ತಾದಲ್ಲಿ ಒಂದೂವರೆ ಸೀಸನ್. ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮಳೆಗಾಲದ ಕೆಸರು, ಮೈದಾನದ ಕ್ಲಬ್ ಟೆಂಟ್‌ಗಳಲ್ಲಿ ಸಿಗುವ ಚಿಕನ್ ಸ್ಟ್ಯೂ ಮತ್ತು ಟೋಸ್ಟು, ಎರಡೂ ನೆನಪಿವೆ. ನಾನು ಬೆಂಗಳೂರಿನವನು ಅಂದ ತಕ್ಷಣ ಟೆಂಟಿನ ಹಿರಿಯರೊಬ್ಬರು 'ಅಹ್ಮದ್ ಖಾನರ ಊರಾ?' ಅಂತ ಕೇಳಿದ್ದರು. 1948 ಮತ್ತು 1952ರ ಒಲಿಂಪಿಕ್ಸ್ ಆಡಿದ, ಈಸ್ಟ್ ಬೆಂಗಾಲ್‌ನ ಅಹ್ಮದ್ ಖಾನ್. ನಮ್ಮೂರಲ್ಲಿ ಅವರ ಹೆಸರು ಹೇಳಿದರೆ ಯಾರಿಗೆ ಗೊತ್ತಾಗುತ್ತೆ ಹೇಳಿ. ಅಲ್ಲಿ ಅವರ ಹೆಸರಿನ ಮೇಲೆ ನನಗೊಂದು ಟೀ ಬಿಟ್ಟಿ ಸಿಕ್ಕಿತು.

2014ರ ಕೊನೆಗೆ ಕಾಂಟ್ರಾಕ್ಟ್ ಮುಗಿಯಿತು. ಇಂಡಿಯನ್ ಸೂಪರ್ ಲೀಗ್, ಐಎಸ್‌ಎಲ್, ಆಗಷ್ಟೇ ಶುರುವಾಗಿತ್ತು, ನನ್ನಂಥವರಿಗೆ ಅಲ್ಲಿಂದ ಕರೆ ಬರಲಿಲ್ಲ. ಕೋಲ್ಕತ್ತಾದಲ್ಲಿ ನಮಗೆ ಅಸಿಸ್ಟೆಂಟ್ ಆಗಿದ್ದ ಕೋಚ್ ಸರ್ ಫೋನ್ ಮಾಡಿ, 'ಮಾಲ್ಡೀವ್ಸ್‌ನ ಮಾಲೆಯಲ್ಲಿ ಒಂದು ಕ್ಲಬ್ಬಿಗೆ ಡಿಫೆಂಡರ್ ಬೇಕಂತೆ, ವಿಡಿಯೊ ಕಳಿಸ್ತೀಯಾ?' ಅಂದರು. ನಾನು ಹೆಡರ್, ಟ್ಯಾಕಲ್ ಎಲ್ಲ ಸೇರಿಸಿ, ಹಿಂದೆ ಹಾಡು ಹಾಕಿ ನಾಲ್ಕು ನಿಮಿಷದ ವಿಡಿಯೊ ಮಾಡಿಸಿ ಕಳಿಸಿದೆ. ಅಲ್ಲಿಂದ ಬಂದ ಉತ್ತರ ಒಂದೇ ಸಾಲು: ಪೂರ್ತಿ ಪಂದ್ಯ ಕಳಿಸಿ, ಸೋತದ್ದಾದರೂ ಪರವಾಗಿಲ್ಲ. ಡಿಫೆಂಡರ್ ಚೆಂಡು ಇಲ್ಲದಾಗ ಎಲ್ಲಿ ನಿಲ್ತಾನೆ ಅನ್ನೋದು ಹೈಲೈಟ್ಸ್‌ನಲ್ಲಿ ಕಾಣೋದಿಲ್ಲವಲ್ಲ. 3-1ರಲ್ಲಿ ಸೋತ ಒಂದು ಪಂದ್ಯ ಕಳಿಸಿದೆ. ಟ್ರಯಲ್‌ಗೆ ಬಾ ಅಂದರು. ಟಿಕೆಟ್ ನನ್ನದೇ ದುಡ್ಡಿನಲ್ಲಿ.

ಏರಿಯಾದಲ್ಲಿ ಸುದ್ದಿ ಹಬ್ಬಿತು. 'ಫಾರಿನ್‌ನಲ್ಲಿ ಆಡ್ತಾನಂತೆ!' ಯಾವ ಫಾರಿನ್ ಅಂತ ಕೇಳಿ, ಮಾಲ್ಡೀವ್ಸ್ ಅಂದ ಕೂಡಲೇ 'ಓ, ಹನಿಮೂನಾ?' ಅಂತ ನಗು. ಜನರ ತಲೆಯಲ್ಲಿ ಫಾರಿನ್ ಅಂದರೆ ಯುರೋಪ್. ಬೈಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡಿನ ಬರಿ ಎಫ್‌ಸಿ ಅನ್ನೋ ಕ್ಲಬ್ಬಿಗೆ ಹೋದದ್ದು, ಗೋಲ್‌ಕೀಪರ್ ಗುರ್‌ಪ್ರೀತ್ 2014ರಲ್ಲಿ ನಾರ್ವೆಯ ಸ್ಟಾಬೆಕ್ ಸೇರಿದ್ದು, ಇಂಥವು. ಆದರೆ ಸುನಿಲ್ ಛೇತ್ರಿಯಂಥ ಆಟಗಾರನಿಗೇ 2009ರಲ್ಲಿ ಇಂಗ್ಲೆಂಡಿನ ವರ್ಕ್ ಪರ್ಮಿಟ್ ಸಿಗಲಿಲ್ಲ, ಭಾರತದ ಫಿಫಾ ರ‍್ಯಾಂಕಿಂಗ್ ಸಾಲದು ಅಂತ. ನನ್ನಂಥವನ ಯುರೋಪ್ ಮಾಲೆಯೇ.

ಏರ್‌ಪೋರ್ಟ್ ಇರೋದು ಪಕ್ಕದ ದ್ವೀಪದಲ್ಲಿ, ಆಗ ಇನ್ನೂ ಮಾಲೆಗೆ ಸೇತುವೆ ಆಗಿರಲಿಲ್ಲ. ವಿಮಾನ ಇಳಿದು ಹೊರಗೆ ಬಂದರೆ ಎದುರಿಗೇ ಸಮುದ್ರ. ಕಿಟ್ ಬ್ಯಾಗ್ ಹೊತ್ತು ದೋಣಿ ಹತ್ತಿದರೆ ಹತ್ತೇ ನಿಮಿಷಕ್ಕೆ ಮಾಲೆ. ಸಣ್ಣ ದ್ವೀಪ, ಕಾಲು ಹಾಕಿದಲ್ಲೆಲ್ಲ ಸ್ಕೂಟರ್. ಹೆಚ್ಚಿನ ಕ್ಲಬ್ಬುಗಳೂ ಅಲ್ಲೇ, ಲೀಗ್ ಪಂದ್ಯಗಳೂ ಒಂದೇ ನ್ಯಾಷನಲ್ ಸ್ಟೇಡಿಯಂನಲ್ಲಿ. ನಮ್ಮ ಮೈದಾನ, ಎದುರಾಳಿ ಮೈದಾನ ಅನ್ನೋದೇ ಇಲ್ಲ. ಭಾನುವಾರ ನಿಮ್ಮ ಮೊಣಕೈ ತಿಂದ ಸ್ಟ್ರೈಕರ್ ಸೋಮವಾರ ಅದೇ ಹೋಟೆಲಿನಲ್ಲಿ ಪಕ್ಕದ ಟೇಬಲ್‌ನಲ್ಲಿ ಮಸ್ ಹುನಿ ತಿನ್ನುತ್ತಿರುತ್ತಾನೆ. ಟ್ಯೂನಾ ಮೀನು, ತೆಂಗಿನತುರಿ, ಈರುಳ್ಳಿ ಕಿವುಚಿ ರೊಟ್ಟಿ ಜೊತೆ ಕೊಡುತ್ತಾರೆ. ತೆಂಗಿನಕಾಯಿ ಇದ್ದದ್ದಕ್ಕೆ ನಾನು ಬದುಕಿಕೊಂಡೆ.

ಟ್ರಯಲ್ ಎರಡು ದಿನ. ನಿಜ ಹೇಳಬೇಕೆಂದರೆ ತೀರ್ಮಾನ ಆಗೋದು ಮೊದಲ ಹತ್ತು ನಿಮಿಷದಲ್ಲಿ. ಆ ಹತ್ತು ನಿಮಿಷ ನಾನು ಲಾಂಗ್ ಪಾಸ್ ಒಂದನ್ನೂ ಪ್ರಯತ್ನಿಸಲಿಲ್ಲ. ಸಿಕ್ಕ ಚೆಂಡನ್ನು ಹತ್ತಿರದವನಿಗೆ ಕೊಟ್ಟೆ, ಮೊದಲ ಹೆಡರ್ ಗೆದ್ದೆ. ಕಷ್ಟ ಬಂದದ್ದು ಬೇರೆ ಕಡೆಯಿಂದ. ಸೆಂಟರ್ ಬ್ಯಾಕ್‌ನ ಅರ್ಧ ಕೆಲಸ ಬಾಯಿಯದ್ದು. ಹಿಂದಿನಿಂದ ಇಡೀ ಮೈದಾನ ಕಾಣೋದು ಅವನಿಗೆ, ಕೂಗಿ ಹೇಳಬೇಕಾದವನೂ ಅವನೇ. ನಾನು ಗಾಬರಿಯಲ್ಲಿ 'ಹಿಂದೆ, ಹಿಂದೆ ನೋಡೋ!' ಅಂತ ಕನ್ನಡದಲ್ಲಿ ಕಿರುಚಿದೆ. ಫುಲ್ ಬ್ಯಾಕ್ ತಿರುಗಿ ನನ್ನ ಮುಖ ನೋಡಿದ. ಅಷ್ಟರಲ್ಲಿ ಅವನ ಬೆನ್ನ ಹಿಂದಿಂದ ವಿಂಗರ್ ಓಡಿ ಹೋಗಿಯಾಗಿತ್ತು.

ಅವತ್ತು ರಾತ್ರಿ ಹೋಟೆಲ್ ಹುಡುಗನನ್ನು ಕೂರಿಸಿಕೊಂಡು ಹತ್ತು ಪದ ಕೇಳಿದೆ. ಚೆಂಡಿಗೆ ಅವರ ದಿವೇಹಿ ಭಾಷೆಯಲ್ಲಿ ಏನಂತಾರೆ ಗೊತ್ತಾ? ಬೋಳ! ಫುಟ್‌ಬಾಲ್‌ಗೆ ಫುಟ್‌ಬೋಳ. ನನಗೆ ಆಗಲೇ ನೆತ್ತಿಯ ಮೇಲೆ ಕೂದಲು ಉದುರುತ್ತಿತ್ತು. ಇಡೀ ತಂಡ ನನ್ನ ಕಡೆ ಕೈಮಾಡಿ 'ಬೋಳ, ಬೋಳ' ಅಂತ ಕೂಗುವಾಗ ಸಿಟ್ಟು ಬರದೆ ಇರೋದಕ್ಕೆ ಎರಡು ವಾರ ಬೇಕಾಯಿತು.

ಆ ಹತ್ತು ಪದಗಳನ್ನು ಬಿಳಿ ಸ್ಪೋರ್ಟ್ಸ್ ಟೇಪಿನ ಮೇಲೆ ಕನ್ನಡ ಅಕ್ಷರದಲ್ಲಿ ಬರೆದು ಎಡ ಮಣಿಕಟ್ಟಿಗೆ ಸುತ್ತಿಕೊಂಡೆ. ಮುಂದೆ, ಹಿಂದೆ, ಬಿಡು, ಒಬ್ಬನೇ ಇದ್ದೀಯ, ಬೇಗ. ಬೆವರಿಗೆ ಶಾಯಿ ಕದಡಿ ಅರ್ಧಗಂಟೆಯಲ್ಲಿ ಎಲ್ಲ ನೀಲಿ ಮಸಿ. ಆಮೇಲೆ ಪರ್ಮನೆಂಟ್ ಮಾರ್ಕರ್ ತಂದೆ. ಗೋಲ್‌ಕೀಪರ್ ಒಂದಿನ ಟೇಪ್ ನೋಡಿ, ಇದೇನು ಮಂತ್ರವಾ ಅಂತ ಕೇಳಿದ. ಹೌದು ಅಂದೆ. ಮುಂದೆ ಹೋದ ದೇಶದಲ್ಲೆಲ್ಲ ನಾನು ಮೊದಲು ಮಾಡಿದ ಕೆಲಸ ಇದೇ. ಬೂಟು ಆಮೇಲೆ, ಟೇಪು ಮೊದಲು.

ಆಯ್ಕೆ ಆಯಿತು. ಒಂದು ಕಾರಣ ನನ್ನ ಆಟ. ಇನ್ನೊಂದು ಕಾರಣ ನನ್ನ ವಯಸ್ಸು, ಇದು ಆಮೇಲೆ ಗೊತ್ತಾಯಿತು. ಆಟಗಾರನಿಗೆ 23 ತುಂಬುವ ವರ್ಷ ಮುಗಿಯುವ ತನಕ ಅವನು ದೇಶ ಬಿಟ್ಟು ದೇಶಕ್ಕೆ ಹೋದರೆ, ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹೊಸ ಕ್ಲಬ್ ತರಬೇತಿ ಪರಿಹಾರ ಕೊಡಬೇಕಾಗಿ ಬರುತ್ತದೆ. ನಾನು 1991ರಲ್ಲಿ ಹುಟ್ಟಿದವನು. 2015ರಲ್ಲಿ ಆ ತಲೆನೋವು ಇರಲಿಲ್ಲ. ಒಂದು ವರ್ಷ ಮೊದಲೇ ಹೋಗಿದ್ದರೆ ಬಹುಶಃ ಬೇಡ ಅನ್ನುತ್ತಿದ್ದರು.

ಇನ್ನು ಐಟಿಸಿ, ಅಂದರೆ ಇಂಟರ್‌ನ್ಯಾಷನಲ್ ಟ್ರಾನ್ಸ್‌ಫರ್ ಸರ್ಟಿಫಿಕೇಟ್. ದೇಶ ಬದಲಿಸುವ ಪ್ರತಿ ಆಟಗಾರನಿಗೂ ಇದು ಬೇಕೇ ಬೇಕು. ಹಳೇ ದೇಶದ ಸಂಘ ಹೊಸ ದೇಶದ ಸಂಘಕ್ಕೆ 'ಇವನನ್ನು ಬಿಟ್ಟುಕೊಟ್ಟಿದ್ದೇವೆ' ಅಂತ ಕೊಡುವ ಪ್ರಮಾಣಪತ್ರ. 2010ರ ಅಕ್ಟೋಬರ್‌ನಿಂದ ಇದೆಲ್ಲ ಫಿಫಾದ ಟಿಎಂಎಸ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲೇ ನಡೆಯಬೇಕು. ಅದಕ್ಕೆ ಆಟಗಾರನ ಕೈ ತಲುಪೋದಿಲ್ಲ. ಕ್ಲಬ್ಬಿನ ಮ್ಯಾನೇಜರ್ ಕಂಪ್ಯೂಟರ್ ಮುಂದೆ ಕೂತು ಎಲ್ಲ ತುಂಬುತ್ತಾನೆ. ನನ್ನ ಹುಟ್ಟಿದ ತಾರೀಖಿನಲ್ಲಿ ದಿನ, ತಿಂಗಳು ಅದಲು ಬದಲಾಗಿ, ಸರಿಯಾಗುವ ಹೊತ್ತಿಗೆ ಎರಡು ಪಂದ್ಯ ಮುಗಿದಿತ್ತು. ಗ್ಯಾಲರಿಯಲ್ಲಿ ಕೂತು ನೋಡಿದೆ. ಆಗ ಆ ನೀಲಿ ಫೈಲ್ ನೆನಪಾಯಿತು. ಮಾರನೇ ದಿನವೇ ಅಂಥದ್ದೊಂದು ಕೊಂಡೆ. ಹಸಿರು ಬಣ್ಣದ್ದು ಸಿಕ್ಕಿತು.

ಸಂಬಳದಲ್ಲೂ ಒಂದು ಪಾಠ ಆಯಿತು. ಕಾಂಟ್ರಾಕ್ಟ್‌ನಲ್ಲಿ ಮೊತ್ತ ಡಾಲರ್‌ನಲ್ಲಿತ್ತು, ಆದರೆ ಡಾಲರ್‌ನಲ್ಲೇ ಕೊಡಬೇಕು ಅಂತ ಬರೆದಿರಲಿಲ್ಲ. ಕೈಗೆ ಬಂದದ್ದು ಅಲ್ಲಿನ ದುಡ್ಡು, ರುಫಿಯಾ. ಸರ್ಕಾರಿ ದರ ಡಾಲರಿಗೆ 15.42. ಬ್ಯಾಂಕಿನಲ್ಲಿ ಆ ದರಕ್ಕೆ ಡಾಲರ್ ಸಿಗಬೇಕಲ್ಲ! ಹೊರಗೆ ಕೊಂಡರೆ ದರ ಜಾಸ್ತಿ. ತಿಂಗಳ ಕೊನೆಗೆ ಊರಿಗೆ ಕಳಿಸುವಾಗ ಒಂದಿಷ್ಟು ದುಡ್ಡು ಗಾಳಿಗೆ ಹೋಗುತ್ತಿತ್ತು. ಎರಡನೇ ಕಾಂಟ್ರಾಕ್ಟ್‌ನಲ್ಲಿ ಒಂದು ಸಾಲು ಸೇರಿಸಿ ಅಂದೆ, ಯಾವ ತಾರೀಖು, ಯಾವ ಕರೆನ್ಸಿ, ಯಾವ ಖಾತೆ. ಮ್ಯಾನೇಜರ್ ಸುಮ್ನೆ ಸೇರಿಸಿದ. ಕೇಳಿದರೆ ಕೊಡುತ್ತಾರೆ, ನಾವೇ ಕೇಳೋದಿಲ್ಲ.

ಇಷ್ಟೆಲ್ಲ ಆದ ಮೇಲೆ ಅರ್ಥವಾದದ್ದು ಗೋವಾದ ಆ ಗೆಳೆಯನ ಬದುಕು. ಊರ ಹುಡುಗ ಚೆಂಡು ಬಿಟ್ಟರೆ ಗ್ಯಾಲರಿ 'ಛೆ' ಅನ್ನುತ್ತದೆ. ನಾನು ಬಿಟ್ಟರೆ 'ಇವನನ್ನ ಯಾಕೆ ಕರೆಸಿದ್ರು?' ನನ್ನಿಂದ ಬೆಂಚಿನಲ್ಲಿ ಕೂತಿದ್ದ ಹತ್ತೊಂಬತ್ತರ ಸ್ಥಳೀಯ ಹುಡುಗನೊಬ್ಬ ನನ್ನ ಜೊತೆ ಮಾತೇ ಆಡುತ್ತಿರಲಿಲ್ಲ. ಅವನು ಫೋನಿನಲ್ಲಿ ಯಾರಿಗೆ ಏನು ಹೇಳುತ್ತಿರಬಹುದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ರಂಜಾನ್ ತಿಂಗಳಲ್ಲಿ ಪ್ರ್ಯಾಕ್ಟೀಸ್ ರಾತ್ರಿ ಹತ್ತಕ್ಕೆ ಶುರು. ಹಗಲು ನಾನು ಪರದೆ ಎಳೆದುಕೊಂಡು ರೂಮಿನಲ್ಲಿ ಊಟ ಮಾಡುತ್ತಿದ್ದೆ. ಒಂದು ಸಂಜೆ ಅದೇ ಹುಡುಗ ಬಾಗಿಲು ತಟ್ಟಿ, ಅವರಮ್ಮ ಇಫ್ತಾರಿಗೆ ಕರಿದ ತಿಂಡಿಯ ಡಬ್ಬಿ ಕೈಗಿಟ್ಟು, ಏನೂ ಹೇಳದೆ ಹೋದ. ಮಾರನೇ ದಿನದಿಂದ ಅವನಿಗೆ ಹೆಡರ್‌ನ ಟೈಮಿಂಗ್ ಹೇಳಿಕೊಡೋಕೆ ಶುರು ಮಾಡಿದೆ. ಮುಂದಿನ ಸೀಸನ್‌ನಲ್ಲಿ ಅವನೇ ನನ್ನ ಜಾಗ ತೆಗೆದುಕೊಂಡ ಅನ್ನೋದು ಬೇರೆ ಮಾತು.

2018ರಲ್ಲಿ ಕಠ್ಮಂಡು. ಅಲ್ಲಿ ಕೆಲವು ವರ್ಷ ಎ ಡಿವಿಷನ್ ಲೀಗೇ ನಡೆದಿರಲಿಲ್ಲ, ಜನ ಹಸಿದಿದ್ದರು. ಅಲ್ಲಿನ ಸ್ಟೇಡಿಯಂ ದಶರಥ ರಂಗಶಾಲೆ 2015ರ ಭೂಕಂಪದಲ್ಲಿ ಹಾಳಾಗಿ ಇನ್ನೂ ಎದ್ದಿರಲಿಲ್ಲ. ಗಡಿ ದಾಟೋಕೆ ನಮಗೆ ವೀಸಾ ಬೇಡ, ಆದರೆ ಚೆಂಡು ಮುಟ್ಟೋಕೆ ಐಟಿಸಿ ಬೇಕು. ಟೇಪಿನ ಮೇಲೆ ಹೊಸ ಪದಗಳು ಬಂದವು: ಪಛಾಡಿ ಅಂದರೆ ಹಿಂದೆ. ಹಿಂದಿ ಬರುತ್ತಿದ್ದುದರಿಂದ ಒಂದೇ ವಾರಕ್ಕೆ ಕೂಗಾಟ ಸಲೀಸಾಯಿತು.

ಈ ನಡುವೆ ಒಂದು ಕ್ಲಬ್ ನನಗೆ ಮೂರು ತಿಂಗಳು ಸಂಬಳ ಕೊಡಲಿಲ್ಲ. ಯಾವ ದೇಶ, ಯಾವ ಕ್ಲಬ್ ಅಂತ ಬರೆಯೋದಿಲ್ಲ. ನಾಳೆ, ನಾಳಿದ್ದು, ಸ್ಪಾನ್ಸರ್ ದುಡ್ಡು ಬರಲಿ, ಇದೇ ರಾಗ. ಕೆಲವರು ಸಿಟ್ಟಿಗೆ ಪ್ರ್ಯಾಕ್ಟೀಸ್ ಬಿಟ್ಟರು. ಅದು ತಪ್ಪು, ಆಮೇಲೆ ಅವರದ್ದೇ ತಪ್ಪು ಅಂತಾಗುತ್ತದೆ. ಫಿಫಾ ನಿಯಮದ 14 ಬಿಸ್ ಕಲಮಿನ ಪ್ರಕಾರ ಎರಡು ತಿಂಗಳ ಸಂಬಳ ಬಾಕಿ ಇದ್ದರೆ, ಬರವಣಿಗೆಯಲ್ಲಿ ನೋಟಿಸ್ ಕೊಟ್ಟು ಹದಿನೈದು ದಿನ ಕಾಯಬೇಕು. ಆಗಲೂ ಕೊಡದಿದ್ದರೆ ಕಾಂಟ್ರಾಕ್ಟ್ ಮುರಿದು ಹೊರಬರಬಹುದು, ಫಿಫಾದ ವಿವಾದ ಇತ್ಯರ್ಥ ಸಮಿತಿಗೂ ಹೋಗಬಹುದು. ನಾನು ದಿನಾ ಮೈದಾನಕ್ಕೆ ಹೋಗಿ, ಹೋದದ್ದಕ್ಕೆ ಸಾಕ್ಷಿಯಾಗಿ ಫೋಟೊ ತೆಗೆದುಕೊಂಡು, ಇಮೇಲ್‌ನಲ್ಲಿ ನೋಟಿಸ್ ಕಳಿಸಿದೆ. ಫೈಲಿನಲ್ಲಿ ಎಲ್ಲ ಪ್ರತಿ ಇತ್ತು. ಹನ್ನೆರಡನೇ ದಿನ ಕ್ಲಬ್‌ನವರು ಕರೆದು ಎರಡು ತಿಂಗಳದ್ದು ಕೊಡ್ತೀವಿ, ಮುಗಿಸೋಣ ಅಂದರು. ಒಪ್ಪಿಕೊಂಡೆ. ಹೋರಾಡಿದ್ದರೆ ಮೂರೂ ಸಿಗುತ್ತಿತ್ತೇನೋ. ಆದರೆ ಬೇರೆ ಕ್ಲಬ್ ಸೇರೋಕೆ ಅವಕಾಶ ಇರುವ ಟ್ರಾನ್ಸ್‌ಫರ್ ವಿಂಡೋ ಮುಚ್ಚೋಕೆ ವಾರವಿತ್ತು, ಮನೆಯಲ್ಲಿ ಅಪ್ಪನ ಆಪರೇಷನ್ ಇತ್ತು. ಆ ಒಂದು ತಿಂಗಳ ದುಡ್ಡು ಇವತ್ತಿಗೂ ಕೊರೆಯುತ್ತದೆ.

ಕೊನೆಯದು ಭೂತಾನ್, ಥಿಂಫುವಿನ ಚಾಂಗ್ಲಿಮಿಥಾಂಗ್ ಸ್ಟೇಡಿಯಂ. ಸುಮಾರು 2,300 ಮೀಟರ್ ಎತ್ತರ. ಮೊದಲ ವಾರ ಮೆಟ್ಟಿಲು ಹತ್ತಿದರೂ ಏದುಸಿರು. ಅಲ್ಲಿ ಗಾಳಿ ತೆಳು, ಚೆಂಡು ನಿಲ್ಲೋದೇ ಇಲ್ಲ. ಬೆಂಗಳೂರಿನಲ್ಲಿ ಸ್ಟ್ರೈಕರ್‌ನ ಎದೆಗೆ ಬೀಳುವ ಪಾಸು ಅಲ್ಲಿ ನೇರ ಗೋಲ್‌ಕೀಪರ್ ಕೈಗೆ. ಒಂದು ತಿಂಗಳು ನಾನು ಒದೆಯುವ ಜೋರನ್ನೇ ತಿದ್ದಿಕೊಳ್ಳಬೇಕಾಯಿತು. ದುಡ್ಡಿನ ವಿಷಯದಲ್ಲಿ ನೆಮ್ಮದಿ, ಅವರ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮ. ಊಟಕ್ಕೆ ಎಮಾ ದಾತ್ಶಿ, ಅಂದರೆ ಚೀಸಿನಲ್ಲಿ ಬೇಯಿಸಿದ ಮೆಣಸಿನಕಾಯಿ. ನಾವು ಮೆಣಸಿನಕಾಯಿಯನ್ನು ರುಚಿಗೆ ಹಾಕುತ್ತೇವೆ, ಅವರಿಗೆ ಅದೇ ತರಕಾರಿ. ಖಾರ ತಿಂದು ಬೆಳೆದ ನಾಲಿಗೆಯೂ ಮೊದಲ ದಿನ ಶರಣಾಯಿತು.

ಅಲ್ಲೇ ಬಲ ಮೊಣಕಾಲಿನ ಮೆನಿಸ್ಕಸ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಹರಿಯಿತು. ಯಾರೂ ಗುದ್ದಲಿಲ್ಲ, ಸುಮ್ನೆ ತಿರುಗಿದೆ ಅಷ್ಟೆ. ಗಾಯದ ಖರ್ಚು ಕ್ಲಬ್ಬಿನದ್ದು ಅಂತ ಕಾಂಟ್ರಾಕ್ಟ್‌ನಲ್ಲಿ ಬರೆಸಿದ್ದೆ, ಕೊಟ್ಟರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮತ್ತೆ ಆಡೋಕೆ ಆಗಲಿಲ್ಲ. ಈಗ ಸಂಜೆ ಹೊತ್ತು ಏರಿಯಾದ ಮಕ್ಕಳಿಗೆ ಕೋಚಿಂಗ್ ಮಾಡುತ್ತೇನೆ.

ಮೊನ್ನೆ ಹಸಿರು ಫೈಲ್ ತೆಗೆದು ಹರಡಿಕೊಂಡು ಕೂತಿದ್ದೆ. ಅದರಲ್ಲಿ ಪ್ಲೇಯರ್ ಪಾಸ್‌ಪೋರ್ಟ್ ಅನ್ನೋ ಒಂದು ಹಾಳೆಯ ಪ್ರತಿ ಇದೆ. ಹನ್ನೆರಡನೇ ವಯಸ್ಸಿನಿಂದ ಯಾವ್ಯಾವ ಕ್ಲಬ್ಬಿಗೆ ನೋಂದಣಿ ಆಗಿದ್ದೆ ಅನ್ನೋ ಪಟ್ಟಿ. ಒಟ್ಟು ಒಂಬತ್ತು ಸಾಲು, ಮೊದಲ ಸಾಲಿನಲ್ಲಿ ನಮ್ಮ ಏರಿಯಾ ಕ್ಲಬ್ಬಿನ ಹೆಸರಿನ ಸ್ಪೆಲ್ಲಿಂಗೇ ತಪ್ಪು. ಅಮ್ಮ ಕನ್ನಡಕ ಏರಿಸಿಕೊಂಡು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದಳು.

'ಇದ್ರಲ್ಲಿ ಎಷ್ಟು ಗೋಲ್ ಹೊಡೆದೆ ಅಂತ ಬರ‍್ದಿಲ್ವಲ್ಲೋ?'

'ಇಲ್ಲಮ್ಮ.'

'ಎಷ್ಟು ಹೊಡೆದಿದ್ದೆ?'

'ಮೂರು.'

'ಮೂರು ದೇಶಕ್ಕೆ ಮೂರಾ?' ಅಂದಳು. ಅದರಲ್ಲಿ ಒಂದು ನಮ್ಮ ಗೋಲಿಗೇ ಹೋಗಿದ್ದು ಅಂತ ನಾನು ಹೇಳಲಿಲ್ಲ.