ಮುನ್ನುಡಿಯನ್ನು ಕೊನೆಗೆ ಓದಿಸಿದೆ: ‘ದಿ ಸ್ಕಾರ್ಲೆಟ್ ಲೆಟರ್’ ಪಾಠ ಮಾಡಿದ ನನ್ನ ಅನುಭವ

ಅಮೆರಿಕದ ಲೇಖಕ ನಥಾನಿಯಲ್ ಹಾಥಾರ್ನ್ 1850ರಲ್ಲಿ ಪ್ರಕಟಿಸಿದ ‘ದಿ ಸ್ಕಾರ್ಲೆಟ್ ಲೆಟರ್’ ಕಾದಂಬರಿಯನ್ನು ಬಿ.ಎ. ಮಕ್ಕಳಿಗೆ ಮೊದಲ ಸಲ ಪಾಠ ಮಾಡಿದಾಗ ಮೊದಲ ಪುಟದಿಂದಲೇ ಶುರು ಮಾಡಿದೆ. ಅದೇ ತಪ್ಪಾಯಿತು. ಕತೆಗೆ ಮುಂಚೆ ಅಮೆರಿಕದ ಸೇಲಂ ಊರಿನ ಸುಂಕದ ಕಚೇರಿ ಬಗ್ಗೆ ಉದ್ದನೆಯ ಮುನ್ನುಡಿ ಇದೆ. ನಾಲ್ಕು ಕ್ಲಾಸು ಅದರಲ್ಲೇ ಹೋಯಿತು. ಹಿಂದಿನ ಬೆಂಚುಗಳು ಖಾಲಿಯಾದವು.

ಮರುವರ್ಷ ನೇರ ಎರಡನೇ ಅಧ್ಯಾಯಕ್ಕೆ ಹೋದೆ. 1640ರ ದಶಕದ ಬಾಸ್ಟನ್. ಜೈಲಿನ ಬಾಗಿಲು ತೆರೆಯುತ್ತದೆ. ಹೆಸ್ಟರ್ ಪ್ರಿನ್ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಹೊರಗೆ ಬರುತ್ತಾಳೆ. ಎದೆಯ ಮೇಲೆ ಕೆಂಪು ಬಟ್ಟೆಯ ‘ಎ’ ಅಕ್ಷರ, ಸುತ್ತ ಚಿನ್ನದ ದಾರದ ಕಸೂತಿ. ಗಂಡನಲ್ಲದವನಿಂದ ಮಗು ಹೆತ್ತಿದ್ದಕ್ಕೆ ಶಿಕ್ಷೆ ಅದು; ಜೊತೆಗೆ ಊರಿನ ಮುಂದೆ ಮೂರು ಗಂಟೆ ಕಟ್ಟೆ ಮೇಲೆ ನಿಲ್ಲಬೇಕು. ಮಗುವಿನ ಅಪ್ಪ ಯಾರು ಹೇಳು ಅಂತ ಅವಳನ್ನು ಕೇಳುವವನು ಪಾದ್ರಿ ಡಿಮ್ಸ್‌ಡೇಲ್. ಆ ಅಪ್ಪ ಅವನೇ. ಇದನ್ನು ನಾನು ಮೊದಲೇ ಹೇಳಲಿಲ್ಲ.

ಗೈಡುಗಳಲ್ಲಿ ‘ಎ’ ಅಕ್ಷರದ ಅರ್ಥಗಳ ಪಟ್ಟಿ ಇರುತ್ತದೆ. ಪರೀಕ್ಷೆಗೆ ಬೇಕು, ಹತ್ತು ನಿಮಿಷದಲ್ಲಿ ಮುಗಿಸಿದೆ.

ಕಷ್ಟವಾಗಿದ್ದು ಗಿಲ್ಟ್ (ತಪ್ಪು ಮಾಡಿದೆ ಅನ್ನುವ ಒಳಗಿನ ನೋವು) ಮತ್ತು ಶೇಮ್ (ನಾಚಿಕೆ, ಅವಮಾನ). ವ್ಯತ್ಯಾಸ ಏನು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ‘ನಿಮ್ಮ ಮನೇಲಿ ಏನಂತಾರೆ ಹೇಳಿ’ ಅಂದೆ. ಬೋರ್ಡು ತುಂಬಿತು. ‘ಮರ್ಯಾದೆ ಹೋಯ್ತು’, ‘ತಲೆ ಎತ್ಕೊಂಡು ಓಡಾಡೋಕಾಗಲ್ಲ’, ‘ನಾಲ್ಕು ಜನ ಏನಂತಾರೆ’ ಒಂದು ಕಡೆ ಬರೆದೆ. ‘ಒಳಗೊಳಗೇ ಕೊರೆಯುತ್ತೆ’, ‘ತುತ್ತು ಗಂಟಲಲ್ಲಿ ಇಳಿಯಲ್ಲ’ ಇನ್ನೊಂದು ಕಡೆ. ಮೊದಲನೆಯದಕ್ಕೆ ನೋಡುವವರು ಇರಬೇಕು. ಎರಡನೆಯದಕ್ಕೆ ಯಾರೂ ಬೇಡ, ಅಲ್ವಾ? ಹೆಸ್ಟರ್ ಯಾವ ಕಡೆ, ಡಿಮ್ಸ್‌ಡೇಲ್ ಯಾವ ಕಡೆ ಅಂತ ಮಕ್ಕಳೇ ಬರೆದರು.

ಆಮೇಲೆ 11 ಮತ್ತು 12ನೇ ಅಧ್ಯಾಯಗಳನ್ನು ಗಟ್ಟಿಯಾಗಿ ಓದಿದೆ. ಡಿಮ್ಸ್‌ಡೇಲ್ ಚರ್ಚಿನಲ್ಲಿ ನಿಂತು ‘ನಾನು ಪಾಪಿ’ ಅನ್ನುತ್ತಾನೆ. ಜನ ಇನ್ನೂ ಜಾಸ್ತಿ ಗೌರವ ಕೊಡುತ್ತಾರೆ. ಕದ ಹಾಕಿಕೊಂಡು ತನ್ನನ್ನೇ ಚಾಟಿಯಿಂದ ಹೊಡೆದುಕೊಳ್ಳುತ್ತಾನೆ. ಏಳು ವರ್ಷದ ಮೇಲೆ ಒಂದು ರಾತ್ರಿ ಅದೇ ಕಟ್ಟೆ ಹತ್ತುತ್ತಾನೆ, ಊರೆಲ್ಲ ಮಲಗಿರುವಾಗ. ಹೆಸ್ಟರ್ ಮತ್ತು ಮಗಳು ಪರ್ಲ್ ಜೊತೆಗೆ ನಿಲ್ಲುತ್ತಾರೆ. ನಾಳೆ ಮಧ್ಯಾಹ್ನ ಅಮ್ಮನ ಜೊತೆ, ನನ್ನ ಜೊತೆ ಇಲ್ಲಿ ನಿಲ್ತೀಯಾ ಅಂತ ಪರ್ಲ್ ಕೇಳುತ್ತಾಳೆ. ಅವನು ಇಲ್ಲ ಅನ್ನುತ್ತಾನೆ.

‘ಪಾಪ ಮೇಡಂ, ಅವನು’ ಅಂದ ಒಬ್ಬ ಹುಡುಗ.

‘ಪಾಪ ಮಾಡಿ ಬಚ್ಚಿಟ್ಟುಕೊಂಡವನಿಗೆ ಪಾಪ ಅಂತೀಯಾ? ಅವಳು ಒಬ್ಬಳೇ ನಿಂತಳಲ್ಲ’ ಅಂದಳು ಮುಂದಿನ ಬೆಂಚಿನ ಹುಡುಗಿ.

ನಾನು ಬೋರ್ಡಿನ ನಡುವೆ ‘ಪಾಪ’ ಅಂತ ಬರೆದೆ. ಮಾಡಿದ ತಪ್ಪಿಗೂ ಅದೇ ಮಾತು, ಮರುಕಕ್ಕೂ ಅದೇ ಮಾತು. ಇಷ್ಟು ವರ್ಷ ಕನ್ನಡ ಆಡಿದ ನನಗೂ ಅದು ಅವತ್ತೇ ಹೊಳೆದಿದ್ದು. ಹಾಥಾರ್ನ್ ಆ ತಪ್ಪಿನ ಹೆಸರನ್ನು, ‘ಅಡಲ್ಟರಿ’ (ಹಾದರ) ಅನ್ನುವ ಮಾತನ್ನು, ಇಡೀ ಪುಸ್ತಕದಲ್ಲಿ ಒಂದು ಸಲವೂ ಬರೆದಿಲ್ಲ ಅಂತ ಹೇಳಿದೆ. ಗಂಟೆ ಹೊಡೆದರೂ ಜಗಳ ನಿಲ್ಲಲಿಲ್ಲ.

ಮುನ್ನುಡಿಯನ್ನು ಕೊನೆಯ ವಾರ ಓದಿಸಿದೆ. 1692ರಲ್ಲಿ ಸೇಲಂನಲ್ಲಿ ಮಾಟ ಮಾಡುತ್ತಾರೆ ಅಂತ ಆರೋಪಿಸಿ ಜನರನ್ನು ಗಲ್ಲಿಗೇರಿಸಿದ ವಿಚಾರಣೆ ನಡೆಸಿದವರಲ್ಲಿ ಲೇಖಕನ ಪೂರ್ವಜ ಜಾನ್ ಹಾಥಾರ್ನ್ ಒಬ್ಬ. ಆ ಹಿರಿಯರ ಪರವಾಗಿ ನಾಚಿಕೆಯನ್ನು ನನ್ನ ಮೇಲೆ ಹೊತ್ತುಕೊಳ್ಳುತ್ತೇನೆ ಅಂತ ಹಾಥಾರ್ನ್ ಅಲ್ಲಿ ಬರೆಯುತ್ತಾನೆ. ಮುಂದಿನ ಬೆಂಚಿನ ಹುಡುಗಿ ಆ ಸಾಲನ್ನು ಇನ್ನೊಮ್ಮೆ ಓದಿ ಅಂದಳು. ಓದಿದೆ. ‘ಇವರು ಹಗಲಲ್ಲೇ ಕಟ್ಟೆ ಹತ್ತಿದ್ರು, ಮೇಡಂ’ ಅಂದಳು.