ಒಂದೇ ಮೈದಾನ, ಎಂಟು ತಂಡ: ಕಾರವಾರಕ್ಕೊಂದು ಸಾವೊ ಪಾಲೊ ಮಾದರಿ ಲೀಗ್

ಎಂಟು ಫುಟ್‌ಬಾಲ್ ತಂಡಗಳು ಎಲ್ಲರೊಂದಿಗೂ ಆಡಬೇಕೆಂದರೆ ಲೀಗ್‌ಗೇ 28 ಪಂದ್ಯ ಬೇಕು. ನಾಕೌಟ್ ಇಟ್ಟರೆ ಅರ್ಧ ತಂಡಗಳು ಮೊದಲ ಸುತ್ತಿಗೇ ಮನೆಗೆ. ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯ ಚಾಂಪಿಯನ್‌ಶಿಪ್‌ನಲ್ಲಿ ಇದಕ್ಕೊಂದು ನಡುದಾರಿ ಇತ್ತು. 2025ರಲ್ಲಿ ಅಲ್ಲಿ 16 ತಂಡ, ನಾಲ್ಕು ಗುಂಪು. ಪ್ರತಿ ತಂಡವೂ ತನ್ನ ಗುಂಪಿನವರನ್ನು ಬಿಟ್ಟು ಉಳಿದ 12 ತಂಡಗಳ ಜೊತೆ ಒಂದೊಂದು ಪಂದ್ಯ ಆಡಿತು. ಸ್ಥಾನಕ್ಕೆ ಪೈಪೋಟಿ ಮಾತ್ರ ಗುಂಪಿನೊಳಗೆ. ಅಲ್ಲಿನ ದೊಡ್ಡ ಕ್ಲಬ್‌ಗಳಾದ ಕೊರಿಂಥಿಯನ್ಸ್, ಪಾಲ್ಮೇರಾಸ್, ಸಾಂಟೋಸ್, ಸಾವೊ ಪಾಲೊ ಬೇರೆ ಬೇರೆ ಗುಂಪಿನಲ್ಲಿದ್ದುದರಿಂದ ಜನ ಕಾಯುವ ಪಂದ್ಯಗಳೆಲ್ಲ ಲೀಗ್‌ನಲ್ಲೇ ಸಿಕ್ಕವು.

ನಮಗೆ ನಾಲ್ಕು ನಾಲ್ಕರ ಎರಡು ಗುಂಪು ಸಾಕು. ಚೀಟಿ ಎತ್ತುವ ಮೊದಲೇ ಜಿದ್ದಿನ ಜೋಡಿಗಳನ್ನು ಬೇರ್ಪಡಿಸಿ. ಕಾಳಿ ನದಿಯಾಚೆಯ ಸದಾಶಿವಗಡ ಎ ಗುಂಪಾದರೆ ಈಚೆಯ ಕೋಡಿಬಾಗ ಬಿ ಗುಂಪು. ಒಂದೇ ಗುಂಪಿಗೆ ಹಾಕಿದರೆ ಫೈನಲ್‌ವರೆಗೂ ಮುಖಾಮುಖಿ ಇಲ್ಲ, ಪ್ರೇಕ್ಷಕರೂ ಇಲ್ಲ.

ಮೊದಲ ಸುತ್ತು ಎ1–ಬಿ1, ಎ2–ಬಿ2, ಎ3–ಬಿ3, ಎ4–ಬಿ4. ಮುಂದಿನ ಸುತ್ತುಗಳಲ್ಲಿ ಎ ಸಾಲು ಹಾಗೇ ಇರಲಿ, ಬಿ ಸಾಲನ್ನು ಒಂದೊಂದು ಮನೆ ಸರಿಸಿ: ಎ1–ಬಿ2, ಎ2–ಬಿ3, ಎ3–ಬಿ4, ಎ4–ಬಿ1. ನಾಲ್ಕು ಸುತ್ತಿಗೆ 16 ಪಂದ್ಯ, ಎರಡು ಸೆಮಿಫೈನಲ್, ಫೈನಲ್, ಒಟ್ಟು 19. ಶನಿವಾರ ಎರಡು, ಭಾನುವಾರ ಎರಡು ಆಡಿಸಿದರೆ ಜನವರಿ ನಡುವೆ ಶುರುಮಾಡಿ ಫೆಬ್ರವರಿಯಲ್ಲಿ ಮುಗಿಸಬಹುದು. ಅರ್ಧಕ್ಕೆ 30 ನಿಮಿಷ, ವಿರಾಮ 10. ಮೊದಲನೆಯದು 3.30ಕ್ಕೆ, ಎರಡನೆಯದು 4.55ಕ್ಕೆ, ಇದಕ್ಕಿಂತ ತಡವಾದರೆ ಕೊನೆಯ ಹತ್ತು ನಿಮಿಷ ಗೋಲ್‌ಕೀಪರ್‌ಗೆ ಚೆಂಡೇ ಕಾಣುವುದಿಲ್ಲ.

ಜಗಳ ಹುಟ್ಟುವುದು ಅಂಕಪಟ್ಟಿಯಲ್ಲಿ. ಎಂಟೂ ತಂಡಗಳನ್ನು ಒಂದೇ ಪಟ್ಟಿಗೆ ಹಾಕಿ ಮೊದಲ ನಾಲ್ವರನ್ನು ಸೆಮಿಗೆ ಕಳಿಸಬೇಡಿ. ಎ ಗುಂಪಿನ ನಾಲ್ವರಿಗೂ ಎದುರಾಳಿಗಳು ಅವೇ ನಾಲ್ಕು ತಂಡ, ಹಾಗಾಗಿ ಹೋಲಿಕೆ ನ್ಯಾಯ; ಬಿ ಗುಂಪಿನವರ ಎದುರಾಳಿಗಳೇ ಬೇರೆ. ಗುಂಪಿಗೆ ಇಬ್ಬರಂತೆ ಆರಿಸಿ, ಎ ಮೊದಲಿಗರಿಗೆ ಬಿ ಎರಡನೆಯವರು, ಬಿ ಮೊದಲಿಗರಿಗೆ ಎ ಎರಡನೆಯವರು. ಬಲವಾದ ಗುಂಪಿನ ಮೂರನೆಯವರು ಗೊಣಗುತ್ತಾರೆ, ಸಾವೊ ಪಾಲೊದಲ್ಲೂ ಅದೇ ಗೊಣಗಾಟವಿತ್ತು. ಅಂಕ ಸಮವಾದರೆ ಅಲ್ಲಿನಂತೆ ಮೊದಲು ಗೆಲುವಿನ ಸಂಖ್ಯೆ, ಆಮೇಲೆ ಗೋಲು ವ್ಯತ್ಯಾಸ, ಆಮೇಲೆ ಹೊಡೆದ ಗೋಲು ನೋಡಿ. ಇಬ್ಬರಿಗೂ ಮೂರೇ ಅಂಕವಾದರೂ ಮೂರು ಡ್ರಾ ಮಾಡಿದವನಿಗಿಂತ ಒಂದು ಗೆದ್ದವನು ಮೇಲೆ, ಹಾಗಾಗಿ ಡ್ರಾಗೆಂದೇ ಆಡುವುದು ತಗ್ಗುತ್ತದೆ.

ಯಾವುದಾದರೂ ತಂಡ ನಡುವೆ ಕೈಬಿಟ್ಟರೆ ಅದರ ಎಲ್ಲ ಫಲಿತಾಂಶ ಅಳಿಸಿ. ಎದುರು ಗುಂಪಿನ ನಾಲ್ವರಿಗೂ ಒಂದೊಂದು ಪಂದ್ಯ ಸಮನಾಗಿ ಕಡಿಮೆಯಾಗುತ್ತದೆ. ಅವರನ್ನು ಸೋಲಿಸಿದ್ದವರ ಕೂಗಾಟ ಮಾತ್ರ ಕೇಳಿಸಿಕೊಳ್ಳಬೇಕು.

ಕೊನೆಯ ಸುತ್ತಿಗೆ ಇನ್ನೊಂದು ಮೈದಾನ ಹಿಡಿದು ಎರಡೆರಡು ಪಂದ್ಯ ಒಟ್ಟಿಗೇ ಆಡಿಸಿ. ಬೇರೆ ಫಲಿತಾಂಶ ಗೊತ್ತಾದ ಮೇಲೆ ಆಡುವ ತಂಡ ಬೇಕಾದಷ್ಟೇ ಆಡುತ್ತದೆ. ಮೈದಾನ ಸಿಗದಿದ್ದರೆ ಲೆಕ್ಕಕ್ಕಿಲ್ಲದ ಪಂದ್ಯಗಳನ್ನು ಶನಿವಾರವೇ ಮುಗಿಸಿ.